ಏಳನೇ ಪಾಠದ ಕನ್ನಡಿ

ನಮ್ಮ ಊರಿನಲ್ಲಿ ಇವತ್ತು ಒತ್ತಿದ ಹಾರನ್ ನಾಳೆ ಕೇಳುತ್ತದೆ. ಅದೇ ಜಾಗದಲ್ಲಿ, ಅದೇ ಹೊತ್ತಿಗೆ. ಬಾಯಿಮಾತು, ದೇವಸ್ಥಾನದ ಗಂಟೆ, ನಾಯಿ ಬೊಗಳುವುದು, ಅತ್ತೆ ಗೊಣಗುವುದು ಎಲ್ಲ ಆಗಿಂದಾಗಲೇ ಕೇಳುತ್ತದೆ. ಗಾಡಿಯ ಹಾರನ್ ಒಂದಕ್ಕೆ ಮಾತ್ರ ಒಂದು ದಿನ ತಡ. ಯಾಕೆ ಎಂದು ನಾವ್ಯಾರೂ ತಲೆ ಕೆಡಿಸಿಕೊಂಡವರಲ್ಲ. ಗ್ಯಾಸ್ ಸಿಲಿಂಡರಿನವನು ನಾಳೆ ಬರುವುದಿದ್ದರೆ ಇವತ್ತೇ ಬೀದಿ ಬೀದಿ ಸುತ್ತಿ ಹಾರನ್ ಒತ್ತಿ ಹೋಗುತ್ತಾನೆ. ಮದುವೆ ನಿಶ್ಚಯವಾದ ಹುಡುಗ ಹುಡುಗಿಯ ಮನೆ ಮುಂದೆ ಒಂದು ಸಲ ಒತ್ತಿ ಹೋದರೆ, ಮಾರನೇ ದಿನ ಅವಳು ಬಾಗಿಲಿಗೆ ಬಂದು ಖಾಲಿ ಬೀದಿ ನೋಡಿ ನಗುತ್ತಾಳೆ. ಗಾಡಿ ಓಡಿಸುತ್ತಿದ್ದವರು ತೀರಿಕೊಂಡರೆ ಮನೆಯವರು ಮಾರನೇ ದಿನ ಹೊಸ್ತಿಲಲ್ಲಿ ನಿಂತು ಆ ಹಾರನ್ ಕೊನೆಯ ಸಲ ಕೇಳಿಸಿಕೊಂಡು ಒಳಗೆ ಹೋಗುತ್ತಾರೆ.

ನಾನು ಶೇಷಗಿರಿ, ವಾಹನ ಕಚೇರಿಯ ಗುಮಾಸ್ತ. ಹೊಗಳುವುದು ನನ್ನ ಜಾಯಮಾನವಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಸಾರನ್ನು ಎರಡು ಸಲ ಹೊಗಳಿದ್ದೇನೆ, ಅದರಲ್ಲಿ ಒಂದು ಸಲ ನೆಂಟರ ಎದುರಿಗೆ. ಅಂಥವನು ಇವತ್ತು ಡ್ರೈವಿಂಗ್ ಶಾಲೆಯ ಚಂಪಕ್ಕನನ್ನು ಹೊಗಳಲು ಕೂತಿದ್ದೇನೆ ಎಂದರೆ ಅದಕ್ಕೆ ಕಾರಣವಿರಬೇಕೆಂದು ನೀವೇ ತಿಳಿದುಕೊಳ್ಳಿ.

ಹದಿನೆಂಟು ತುಂಬಿದ ಮಕ್ಕಳಿಗೆ ಗಾಡಿ ಕಲಿಸುವುದಕ್ಕೆ ನಮ್ಮಲ್ಲಿ ಒಂದೇ ಪುಸ್ತಕ, 'ಹೊಸ ಚಾಲಕರ ಪಾಠಮಾಲೆ'. ಇಪ್ಪತ್ತೆರಡು ಪಾಠ. ಯಾವ ಬೀದಿಯ ಯಾವ ಶಾಲೆಯಾದರೂ ಅದನ್ನೇ ಕಲಿಸಬೇಕು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೆಚ್ಚು ಕಲಿಸಿದವರ ಶಾಲೆಗೆ ಬೀಗ. ಅದನ್ನು ಬರೆದವರು ಪಟ್ಟಾಭಿ ಮೇಷ್ಟ್ರು. ಈಗ ಎಂಬತ್ತರ ಹತ್ತಿರ, ಆದರೂ ಪಾಠಮಾಲೆಯ ಸಮಿತಿಗೆ ಅವರೇ ಅಧ್ಯಕ್ಷರು. ಸುಮ್ಮನೆ ಸಿಕ್ಕ ಗೌರವವಲ್ಲ ಅದು. ಅವರಿಗಿಂತ ಮುಂಚೆ ನಮ್ಮ ಮಕ್ಕಳು ನಿನ್ನೆಯ ಹಾರನ್ ಕೇಳಿ ಗಾಬರಿಯಾಗಿ ನಡುರಸ್ತೆಯಲ್ಲಿ ಬ್ರೇಕ್ ಒತ್ತುತ್ತಿದ್ದರು, ಕತ್ತು ತಿರುಗಿಸಿ ಹಿಂದೆ ನೋಡುತ್ತಾ ಮುಂದಿನ ಕಂಬಕ್ಕೆ ಗುದ್ದುತ್ತಿದ್ದರು. ಮೇಷ್ಟ್ರ ಒಬ್ಬನೇ ಮಗ ಹಾಗೇ ಹೋದದ್ದು. ಆ ವರ್ಷವೇ ಅವರು ಏಳನೇ ಪಾಠ ಬರೆದರು: 'ಹಾರನ್ ಕೇಳಿದರೆ ಕತ್ತು ತಿರುಗಿಸಬೇಡ, ಬ್ರೇಕ್ ಒತ್ತಬೇಡ. ಅದು ನಿನ್ನೆಯದು.'

ಅದನ್ನು ಕಲಿಸುವುದಕ್ಕೆ ಮೇಷ್ಟ್ರು ಒಂದು ಕ್ರಮವನ್ನೂ ಹಾಕಿಕೊಟ್ಟರು. ಸ್ಟಿಯರಿಂಗ್ ಮುಟ್ಟುವ ಮುಂಚೆ ಹತ್ತು ದಿನ ಮಕ್ಕಳು ಅಂಗೈಯಲ್ಲಿ ತುಂಬಿದ ನೀರಿನ ಲೋಟ ಇಟ್ಟುಕೊಂಡು ಮಾರ್ಕೆಟ್ ಸರ್ಕಲ್ಲಿನಲ್ಲಿ ಅರ್ಧ ಗಂಟೆ ನಿಲ್ಲಬೇಕು. ನಿನ್ನೆಯ ಬಸ್ಸು, ಲಾರಿ, ಆಟೋ ಎಲ್ಲ ಕಿವಿಯ ಪಕ್ಕದಲ್ಲೇ ಕಿರುಚುತ್ತವೆ. ನೀರು ತುಳುಕಬಾರದು. ತುಳುಕದಿದ್ದರೆ ಪಾಸು. ನಾನೂ ನಿಂತವನೇ, ನಡುವಯಸ್ಸಿನಲ್ಲಿ ಗಾಡಿ ಕಲಿತ ನನ್ನ ಅಪ್ಪನೂ ನಿಂತವನೇ. ಮೂವತ್ತು ವರ್ಷ ನಮ್ಮ ಊರಿನಲ್ಲಿ ಹಾರನ್ನಿನಿಂದ ಒಂದು ಹುಲ್ಲುಕಡ್ಡಿಗೂ ಪೆಟ್ಟಾಗಲಿಲ್ಲ.

ಆಮೇಲೆ ಹೊಳೆಗೆ ಸೇತುವೆ ಆಯಿತು. ಅದಕ್ಕೆ ಮುಂಚೆ ಆಚೆ ದಡಕ್ಕೆ ದೋಣಿಯಲ್ಲಿ ಹೋಗುತ್ತಿದ್ದೆವು, ಗಾಡಿ ಹೋಗುತ್ತಿರಲಿಲ್ಲ. ಸೇತುವೆ ಆದದ್ದೇ ತಡ, ನಮ್ಮ ಮಕ್ಕಳು ಕಾಲೇಜು, ಕೆಲಸ, ಸಿನಿಮಾ ಎಂದು ಆಚೆಗೆ ಹರಿದರು. ಆಚೆಯ ಊರಿನಲ್ಲಿ ಹಾರನ್ ಒತ್ತಿದ ಕೂಡಲೇ ಕೇಳುತ್ತದೆ.

ಸುಗುಣ ಎನ್ನುವ ಹುಡುಗಿ ಚಂಪಕ್ಕನ ಶಾಲೆಯಲ್ಲಿ ಕಲಿತವಳು. ಲೋಟದಿಂದ ಒಂದು ಹನಿ ಚೆಲ್ಲದೆ ನೂರಕ್ಕೆ ನೂರು ತೆಗೆದುಕೊಂಡಿದ್ದಳು; ಅವಳ ಫೋಟೋ ನಮ್ಮ ಕಚೇರಿಯ ಗೋಡೆಯ ಮೇಲಿತ್ತು. ಸೇತುವೆಯಾಚೆ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ಹಿಂದೆ ಬ್ರೇಕ್ ಫೇಲಾದ ಒಂದು ಲಾರಿ ಬಂತು. ಡ್ರೈವರ್ ಒಂದು ಫರ್ಲಾಂಗಿನಿಂದ ಹಾರನ್ ಒತ್ತಿಕೊಂಡೇ ಬಂದನಂತೆ. ಎದುರಿಗಿದ್ದವರೆಲ್ಲ ಪಕ್ಕಕ್ಕೆ ಹಾರಿದರು. ನಮ್ಮ ಸುಗುಣ ಒಂದಿಂಚೂ ಅಲುಗಲಿಲ್ಲ. ಆಸ್ಪತ್ರೆಯಲ್ಲಿ ಆ ಡ್ರೈವರೇ ತಲೆ ಚಚ್ಚಿಕೊಂಡು ಅತ್ತನಂತೆ, ಈ ಮಗುವಿಗೆ ಕಿವಿ ಕೇಳುವುದಿಲ್ಲವೇ ಎಂದು. ಸುಗುಣನ ಬಲ ಪಾದ ಹೋಯಿತು.

ಮಾರನೇ ವಾರ ಚಂಪಕ್ಕ ಕಚೇರಿಗೆ ಬಂದರು. ಐವತ್ತೆರಡು ವರ್ಷದ ಹೆಂಗಸು, ದಪ್ಪ ಚೌಕಟ್ಟಿನ ಕನ್ನಡಕ, ಸೀರೆಯ ಮೇಲೆ ಯಾವಾಗಲೂ ಗಂಡಸರ ಒಂದು ಖಾಕಿ ಅಂಗಿ. ಬಾಯಿ ಜೋರು, ಅವರ ಹತ್ತಿರ ಬೈಸಿಕೊಳ್ಳದೆ ಈ ಊರಿನಲ್ಲಿ ಕ್ಲಚ್ ಬಿಟ್ಟವರಿಲ್ಲ. ಅವತ್ತು ಮಾತ್ರ ಗೋಡೆ ನೋಡುತ್ತಾ ನಿಂತಿದ್ದರು.

"ಶೇಷಗಿರಿ, ಆ ಫೋಟೋ ಇಳಿಸು" ಎಂದರು. "ನಾನು ಕಲಿಸಿದ್ದನ್ನ ಅವಳು ಒಂದಕ್ಷರ ಬಿಡದೆ ಮಾಡಿದಾಳೆ. ಅರ್ಧಂಬರ್ಧ ಕಲ್ತಿದ್ರೆ ಕಾಲು ಉಳೀತಿತ್ತು."

ಕುರ್ಚಿ ಹತ್ತಿ ಫೋಟೋ ಇಳಿಸಿದೆ. ಏಳನೇ ಪಾಠ ತಿದ್ದಬೇಕು ಎಂದರು ಅವರು. ಮುಂದಿನ ತಂಡಕ್ಕೆ ಪರೀಕ್ಷೆ ನಲವತ್ತು ದಿನಕ್ಕಿತ್ತು. ಹತ್ತೊಂಬತ್ತು ಮಕ್ಕಳು, ಅದರಲ್ಲಿ ನನ್ನ ಮಗಳು ಹಂಸನೂ ಒಬ್ಬಳು. ಅವಳಿಗೆ ಸೇತುವೆಯಾಚೆಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅವಳೂ ಮಾರ್ಕೆಟ್ ಸರ್ಕಲ್ಲಿನಲ್ಲಿ ಲೋಟ ಹಿಡಿದು ನಿಂತು, ಒಂದು ಹನಿ ಚೆಲ್ಲದೆ, ನಗುತ್ತಾ ಮನೆಗೆ ಬಂದಿದ್ದಳು. ಆ ನಗು ನೆನಪಾಗಿ ಸಮಿತಿಗೆ ಕೊಡುವ ಅರ್ಜಿಯನ್ನು ನಾನೇ ಬರೆದುಕೊಟ್ಟೆ.

ಚಂಪಕ್ಕನ ತಿದ್ದುಪಡಿ ಕೇಳಿದರೆ ಇಷ್ಟೇನಾ ಎನಿಸುತ್ತದೆ. ಮೇಷ್ಟ್ರ ಎರಡು ಮಾತು ಹಾಗೇ ಇರಲಿ, ಕತ್ತು ತಿರುಗಿಸುವುದೂ ಬೇಡ, ಬ್ರೇಕೂ ಬೇಡ. ಆದರೆ ಹಾರನ್ ಕೇಳಿದರೆ ಕನ್ನಡಿ ನೋಡು. ಕನ್ನಡಿ ಖಾಲಿ ಇದ್ದರೆ ನಿನ್ನೆಯದು, ನಿನ್ನ ಪಾಡಿಗೆ ಹೋಗು. ಕನ್ನಡಿಯಲ್ಲಿ ಬರುವವರಿದ್ದರೆ ದಾರಿ ಬಿಡು. ಇಷ್ಟೇ. ಆದರೆ ನಮ್ಮ ಊರಿನಲ್ಲಿ ಕನ್ನಡಿ ನೋಡುವ ಅಭ್ಯಾಸವೇ ಯಾರಿಗೂ ಇರಲಿಲ್ಲ. ಪಕ್ಕದ ಕನ್ನಡಿಗಳನ್ನು ಗಲ್ಲಿಯಲ್ಲಿ ತಾಗುತ್ತವೆಂದು ಮಡಚಿಡುತ್ತಿದ್ದೆವು. ಒಳಗಿನದು ತಲೆ ಬಾಚಲು, ನಿಂಬೆಹಣ್ಣು ನೇತುಹಾಕಲು. ಪಾಠಮಾಲೆಯಲ್ಲೂ ಅದರ ಮಾತು ಬರುತ್ತಿದ್ದದ್ದು ಒಂದೇ ಸಲ, ಗಾಡಿ ತೊಳೆಯುವ ಪಾಠದಲ್ಲಿ.

ಸಮಿತಿಯಲ್ಲಿ ಪಟ್ಟಾಭಿ ಮೇಷ್ಟ್ರು ಒಪ್ಪಲಿಲ್ಲ. ಹಾರನ್ ಹಾರನ್ನಿಗೂ ಕನ್ನಡಿ ನೋಡುತ್ತಾ ಕೂತರೆ ಮುಂದೆ ನೋಡುವವರು ಯಾರು, ದೇವರು ಕೊಟ್ಟಿರುವುದು ಎರಡೇ ಕಣ್ಣು ಎಂದರು. ಸುಗುಣನಿಗೆ ಆದದ್ದಕ್ಕೆ ಅವರಿಗೂ ಸಂಕಟವಿತ್ತು. ಆದರೆ ಅವಳು ಹಾರನ್ ಕೇಳಿಯೂ ಉದಾಸೀನ ಮಾಡಿದ್ದಾಳೆ, ಬೇರೆ ಊರೆನ್ನುವ ಬುದ್ಧಿ ಇರಬೇಕಿತ್ತು ಎಂದು ಅವರ ವಾದ. ಮಗನನ್ನು ಕಳಕೊಂಡವರ ಎದುರಿಗೆ ಯಾರು ಬಾಯಿ ಬಿಡುತ್ತಾರೆ? ಎಲ್ಲರೂ ಕಾಫಿ ಕುಡಿದು ಎದ್ದರು.

ಎದ್ದು ಹೋಗದವರು ಚಂಪಕ್ಕ ಒಬ್ಬರೇ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಕನ್ನಡಿ ನೋಡಿ ವಾಪಸು ಬರುವುದನ್ನು ಕಲಿಸಬಹುದು, ಕಲಿಸಿ ತೋರಿಸುತ್ತೇನೆ ಎಂದು ನನಗೆ ಹೇಳಿದರು. ಹೇಗೆ ಎಂದೆ. ಕಲಿಯುವವರಿಗೆ ಕೊಡುವ ಲೈಸೆನ್ಸ್ ಆಚೆ ದಡದಲ್ಲಿ ನಡೆಯುವುದಿಲ್ಲ. ಈಚೆ ದಡದಲ್ಲಿ ಒತ್ತಿದರೆ ನಾಳೆ ಕೇಳುತ್ತದೆ. ಬೇಕಾದ ಹೊತ್ತಿಗೆ ಹಾರನ್ ಎಲ್ಲಿಂದ ತರುತ್ತೀರಿ?

"ನಾಳೆದು ಇವತ್ತೇ ಒತ್ತಿಟ್ರೆ ಆಯ್ತು. ಇಡ್ಲಿ ಹಿಟ್ಟು ಹಿಂದಿನ ದಿನವೇ ರುಬ್ಬಿಡಲ್ವಾ ನಿನ್ ಹೆಂಡ್ತಿ?" ಎಂದರು ಚಂಪಕ್ಕ.

ಊರಾಚೆಯ ಮೈದಾನದ ಒಂದು ಮೂಲೆಯಲ್ಲಿ ಅವರ ಹಳೇ ಜೀಪು ನಿಂತಿತ್ತು. ಎಂಜಿನ್ ಸತ್ತು ಎಷ್ಟೋ ವರ್ಷ, ಬ್ಯಾಟರಿ ಮಾತ್ರ ಚಾರ್ಜ್ ಮಾಡಿ ಇಡುತ್ತಿದ್ದರು. ದಿನಾ ಬೆಳಿಗ್ಗೆ ಏಳೂ ಕಾಲಿಗೆ ಅದರಲ್ಲಿ ಕೂತು ಮುಕ್ಕಾಲು ಗಂಟೆಯೊಳಗೆ ಏಳೋ ಎಂಟೋ ಸಲ ಹಾರನ್ ಒತ್ತುವುದು, ಒತ್ತಿದ ನಿಮಿಷವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು. ಒಂದು ದಿನದ ಹಾಗೆ ಇನ್ನೊಂದು ದಿನವಿಲ್ಲ. ಮಾರನೇ ದಿನ ಅದೇ ಹೊತ್ತಿನಲ್ಲಿ ಮಕ್ಕಳು ಜೀಪಿನ ಮುಂದೆ ಕಾರು ಓಡಿಸುತ್ತಾರೆ. ಹಾರನ್ ಯಾವಾಗ ಬರುತ್ತದೆಂದು ಅವರಿಗೆ ಗೊತ್ತಿಲ್ಲ. ಚೀಟಿ, ಗಡಿಯಾರ ಮತ್ತು ಒಂದು ಕೆಂಪು ಟವೆಲ್ ನನ್ನ ಕೈಯಲ್ಲಿ. ಕೆಲವು ಹಾರನ್ನಿಗೆ ನಾನು ಟವೆಲ್ ಎತ್ತುತ್ತೇನೆ, ಆಗ ಇನ್ನೊಂದು ಕಾರು ಹಿಂದಿನಿಂದ ಬರುತ್ತದೆ. ಕೆಲವಕ್ಕೆ ಎತ್ತುವುದಿಲ್ಲ. ಕನ್ನಡಿ ನೋಡದೆ ಯಾವುದು ಯಾವುದೆಂದು ಹೇಳುವುದು ಸಾಧ್ಯವೇ ಇಲ್ಲ.

ಇದೆಲ್ಲ ಪಾಠಮಾಲೆಯಲ್ಲಿ ಇಲ್ಲದ ಪಾಠ. ಸಿಕ್ಕಿಬಿದ್ದರೆ ಚಂಪಕ್ಕನ ಶಾಲೆ ಮುಚ್ಚುತ್ತಿತ್ತು, ನನ್ನ ಕೆಲಸಕ್ಕೂ ಸಂಚಕಾರ. ನಾನು ದಿನಾ ಬೈದುಕೊಂಡೇ ಹೋಗುತ್ತಿದ್ದೆ. ಆದರೆ ಅವರನ್ನು ನೋಡಿದರೆ ಬೈಗುಳ ಗಂಟಲಲ್ಲೇ ಉಳಿಯುತ್ತಿತ್ತು. ಒಂದು ದಿನ ತಪ್ಪಿದರೆ ಮಾರನೇ ದಿನದ ಪಾಠ ಸತ್ತಂತೆ, ಆದ್ದರಿಂದ ರಜವಿಲ್ಲ. ಅಕ್ಕನ ಮಗನ ಮದುವೆಗೆ ಹೋಗಲಿಲ್ಲ. ಮಳೆ ಬಂದ ದಿನ ಗೋಣಿಚೀಲ ಹೊದ್ದು ಕೂತು ಒತ್ತಿದರು. ಒತ್ತಿದಾಗ ಸದ್ದೇ ಇಲ್ಲವಲ್ಲ, ನೋಡಿದವರಿಗೆ ಒಬ್ಬ ಹೆಂಗಸು ಸತ್ತ ಜೀಪಿನಲ್ಲಿ ಕೂತು ಸುಮ್ಮನೆ ಸ್ಟಿಯರಿಂಗ್ ಅದುಮುತ್ತಿರುವಂತೆ ಕಾಣುತ್ತಿತ್ತು. ಹಸು ಮೇಯಿಸುವವರು ನಕ್ಕರು. ನಗಲಿ ಬಿಡು ಎಂದರು ಚಂಪಕ್ಕ.

ಮಕ್ಕಳು ಮೊದಮೊದಲು ಕನ್ನಡಿಯಲ್ಲೇ ಸಿಕ್ಕಿಕೊಂಡು ಕಾರನ್ನು ಬೇಲಿಗೆ ಹತ್ತಿಸಿದರು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ ಎಂದು ಚಂಪಕ್ಕನೇ ಒಪ್ಪಿಕೊಂಡರು. ಆಮೇಲೆ ಮೇಷ್ಟ್ರ ಲೋಟವನ್ನೇ ತಂದು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಕಣ್ಣು ಕನ್ನಡಿಗೆ ಹೋಗಿ ಬರಬೇಕು, ಕೈ ಅಲುಗಬಾರದು, ನೀರು ತುಳುಕಬಾರದು. ಇಪ್ಪತ್ತನೇ ದಿನದ ಹೊತ್ತಿಗೆ ಹಂಸನ ಕಣ್ಣು ಹೋಗಿ ಬಂದದ್ದು, ಅವತ್ತು ಟವೆಲನ್ನು ಬೇರೆಯವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ ನನಗೇ ಗೊತ್ತಾಗಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಮನೆಗೆ ಹೋಗಿ ಸಾರು ಚೆನ್ನಾಗಿದೆ ಎಂದುಬಿಟ್ಟೆ.

ಒಂದು ವಿಷಯ ಹೇಳಬೇಕು. ಮೈದಾನದ ಅಂಚಿನಲ್ಲೇ, ಜೀಪಿನ ಹಿಂದೆ, ಸುಗುಣನ ಮನೆ. ಚಂಪಕ್ಕ ಅಲ್ಲಿಗೆ ಮೂರು ಸಲ ಹೋಗಿದ್ದರು. ಮೂರು ಸಲವೂ ಅವಳ ತಾಯಿ ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದರು. ಸುಗುಣ ಗೋಡೆಯ ಕಡೆ ತಿರುಗಿ ಮಲಗಿದ್ದಳಂತೆ. ಹತ್ತೊಂಬತ್ತು ಮಕ್ಕಳಿಗೆ ಕನ್ನಡಿ, ಕನ್ನಡಿ ಎಂದು ಕೂಗುವ ಈ ಹೆಂಗಸು ತನ್ನ ಜೀಪಿನ ಕನ್ನಡಿಯನ್ನು ಮಾತ್ರ ಮೇಲಕ್ಕೆ, ಆಕಾಶದ ಕಡೆಗೆ ತಿರುಗಿಸಿ ಇಟ್ಟುಕೊಂಡಿದ್ದರು. ನೇರ ಇಟ್ಟರೆ ಅದರಲ್ಲಿ ಸುಗುಣನ ಕಿಟಕಿ ಕಾಣುತ್ತಿತ್ತು. ನಾನು ನೋಡಿಯೂ ನೋಡದವನಂತೆ ಇದ್ದೆ.

ಇಪ್ಪತ್ತಾರನೇ ದಿನ ಪಟ್ಟಾಭಿ ಮೇಷ್ಟ್ರು ಮೈದಾನಕ್ಕೇ ಬಂದರು. ಯಾರೋ ಚಾಡಿ ಹೇಳಿದ್ದರು. ಕೊಡೆ ಊರಿಕೊಂಡು ನಿಂತು ಅರ್ಧ ಗಂಟೆ ನೋಡಿದರು. ಮಕ್ಕಳು ಒಬ್ಬರೂ ತಪ್ಪಲಿಲ್ಲ. ನನ್ನ ಎದೆ ಹಗುರವಾಗುವಷ್ಟರಲ್ಲಿ ಅವರು ಇದೆಲ್ಲ ಮಕ್ಕಳಾಟ ಎಂದರು. ಹಾರನ್ ಕೇಳಿಸಿಕೊಂಡು ಇದು ನಿನ್ನೆಯದೋ ಇವತ್ತಿನದೋ ಎಂದು ಊರು ನೋಡಿ ತಿಳಿದುಕೊಳ್ಳುವುದಕ್ಕೆ ಕನ್ನಡಿ ಯಾಕೆ, ತಲೆ ಸಾಕು ಎಂದರು. ಚಂಪಕ್ಕ ವಾದ ಮಾಡಲಿಲ್ಲ. ಒಂದೇ ಒಂದು ಸಲ ಸೇತುವೆಯಾಚೆ ಓಡಿಸಿಕೊಂಡು ಬನ್ನಿ, ಆಮೇಲೆ ಶಾಲೆಗೆ ಬೀಗ ಹಾಕಿ ಎಂದರು. ಮೇಷ್ಟ್ರು ಸೇತುವೆ ದಾಟಿದವರೇ ಅಲ್ಲ. ಆದರೂ ರೋಷದ ಮನುಷ್ಯ, ಸರಿ ಎಂದು ತಾವೇ ಡ್ರೈವರ್ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಚಂಪಕ್ಕ, ಹಿಂದೆ ನಾನು, ನನ್ನ ಬಾಯಲ್ಲಿ ರಾಮಜಪ.

ಎಂಬತ್ತರ ವಯಸ್ಸಿನಲ್ಲೂ ಆ ಕೈ ಎಷ್ಟು ಹದವಾಗಿತ್ತು! ಸೇತುವೆ ದಾಟಿ ಒಂದು ಮೈಲಿ ಹೋಗಿರಬಹುದು. ಹಿಂದೆ ಮರಳಿನ ಲಾರಿ ಬಂತು. ಒಂದು ಸಲ ಹಾರನ್ ಒತ್ತಿತು. ಮೇಷ್ಟ್ರು ರಸ್ತೆಯ ನಡುವೆಯೇ ಹೋಗುತ್ತಿದ್ದರು. ಎರಡನೇ ಸಲ. ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಮೂರನೇ ಸಲ ಒತ್ತಿದಾಗ ಲಾರಿ ನನ್ನ ಬೆನ್ನ ಹಿಂದೆಯೇ ಇತ್ತು. ಚಂಪಕ್ಕ ಕೈ ಹಾಕಿ ಸ್ಟಿಯರಿಂಗ್ ಎಡಕ್ಕೆ ಎಳೆದರು, ಲಾರಿ ಗೇಣು ಅಂತರದಲ್ಲಿ ದಾಟಿಕೊಂಡು ಹೋಯಿತು. ಮೇಷ್ಟ್ರು ಕಾರು ನಿಲ್ಲಿಸಿ ಸಿಟ್ಟಿನಿಂದ ತಿರುಗಿದರು.

"ಯಾಕಮ್ಮ ಸ್ಟಿಯರಿಂಗ್ ಎಳೆದೆ?"

"ಮೂರು ಸಲ ಹಾರನ್ ಆಯ್ತಲ್ಲ ಮೇಷ್ಟ್ರೇ."

"ಯಾವಾಗ ಆಯ್ತು?"

ಮೇಷ್ಟ್ರು ನನ್ನ ಕಡೆ ನೋಡಿದರು. ಹೌದು ಸಾರ್ ಎಂದು ತಲೆ ಆಡಿಸಿದೆ. ಅವರ ಕಿವಿಯಲ್ಲಿ ದೋಷವಿರಲಿಲ್ಲ, ಪಿಸುಮಾತೂ ಕೇಳುತ್ತಿತ್ತು. ಮೂವತ್ತು ವರ್ಷ ಕೇಳಿಸಿಕೊಳ್ಳದೇ ಇರುವುದನ್ನು ಅಭ್ಯಾಸ ಮಾಡಿದ ಕಿವಿ ಹಾರನ್ನನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿತ್ತು. ಅವರು ಕೀಲಿ ತಿರುಗಿಸಿ ಎಂಜಿನ್ ಆರಿಸಿದರು.

"ಹಾಗಾದ್ರೆ ಆ ಮಗೂಗೂ ಕೇಳಿಸಿರಲಿಲ್ಲ" ಎಂದರು. ಕೀಲಿಯನ್ನು ಚಂಪಕ್ಕನ ಕೈಗೆ ಕೊಡುತ್ತಾ, "ಉದಾಸೀನ ಮಾಡಿದಳು ಅಂದೆನಲ್ಲಮ್ಮ ನಾನು."

ವಾಪಸು ಚಂಪಕ್ಕ ಓಡಿಸಿದರು. ಮೇಷ್ಟ್ರು ಮನೆಗೆ ಹೋಗದೆ ನೇರ ಕಚೇರಿಗೆ ಬಂದು, ಏಳನೇ ಪಾಠದ ಕೆಳಗೆ ಚಂಪಕ್ಕನ ಸಾಲುಗಳನ್ನು ತಮ್ಮದೇ ಕೈಯಲ್ಲಿ ಬರೆದು ರುಜು ಹಾಕಿದರು. ಲೋಟವೂ ಇರಲಿ, ಕನ್ನಡಿಯೂ ಬರಲಿ ಎಂದರು. ಪರೀಕ್ಷೆಯೂ ಮೈದಾನದಲ್ಲೇ, ಚಂಪಕ್ಕನ ಹಾರನ್ನಿನ ಮೇಲೆಯೇ ಆಗಬೇಕೆಂದು ಆಜ್ಞೆಯಾಯಿತು. ತಾವು ಬರೆದದ್ದನ್ನು ಆ ವಯಸ್ಸಿನಲ್ಲಿ ತಾವೇ ತಿದ್ದುವುದು ಎಲ್ಲರ ಕೈಲಾಗುವ ಮಾತಲ್ಲ. ಅವತ್ತು ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಹೊಸ ಪಾಠಮಾಲೆ ಅಚ್ಚಿಗೆ ಹೋಯಿತು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಆರೂವರೆಗೆ ಚಂಪಕ್ಕನ ಪಕ್ಕದ ಮನೆಯವರು ನನಗೆ ಫೋನ್ ಮಾಡಿದರು. ಹೋಗಿ ನೋಡಿದರೆ ಜ್ವರದಲ್ಲಿ ಮೈ ಕೆಂಡವಾಗಿದೆ, ಖಾಕಿ ಅಂಗಿ ಅರ್ಧ ಹಾಕಿಕೊಂಡು ಬಾಗಿಲಲ್ಲೇ ಬಿದ್ದಿದ್ದಾರೆ. ನಲವತ್ತು ದಿನ ಮಳೆ ಇಬ್ಬನಿ ಎನ್ನದೆ ಕೂತರೆ ಇನ್ನೇನಾಗುತ್ತದೆ? ಆಟೋ ತಂದು ಆಸ್ಪತ್ರೆಗೆ ಸೇರಿಸಿದೆ. ಡ್ರಿಪ್ ಹಾಕಿದರು, ಔಷಧಿ ತರಲು ಓಡಾಡಿದೆ. ಮಧ್ಯಾಹ್ನ ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು ಗಂಟೆ ಎಷ್ಟು ಎಂದು. ಆಗ ನನಗೆ ನೆನಪಾಯಿತು. ಏಳೂ ಕಾಲು ಬಂದು ಹೋಗಿತ್ತು. ಹೋಗಿ ಒತ್ತಿ ಬಾ ಎಂದು ಯಾರಿಗಾದರೂ ಹೇಳಬೇಕೆನ್ನುವ ಬುದ್ಧಿ ನನಗೆ ಬಂದಿರಲಿಲ್ಲ. ಇಷ್ಟು ದಿನ ಟವೆಲ್ ಹಿಡಿದು ನಿಂತ ನಾನು ಎಂಥ ಕತ್ತೆ ಎಂದು ಹಣೆ ಚಚ್ಚಿಕೊಂಡೆ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ಪರೀಕ್ಷೆಯ ದಿನ ಬೇಡವೆಂದರೂ ಕೇಳದೆ ಎದ್ದು ಬಂದರು. ಮೈದಾನದಲ್ಲಿ ಹತ್ತೊಂಬತ್ತು ಮಕ್ಕಳು, ಅವರ ತಂದೆತಾಯಿ, ಕುರ್ಚಿಯಲ್ಲಿ ಮೇಷ್ಟ್ರು. ಮೊದಲ ಸರದಿ ಹಂಸನದು. ಕಾರಿನಲ್ಲಿ ಲೋಟ ತುಂಬಿಸಿಕೊಂಡು ಕೂತಿದ್ದಳು. ಚಂಪಕ್ಕ ಮೇಷ್ಟ್ರ ಹತ್ತಿರ ಹೋಗಿ, ನಿನ್ನೆ ಒತ್ತಲಾಗಲಿಲ್ಲ, ಇವತ್ತು ಹಾರನ್ ಇಲ್ಲ, ಈಗ ಒತ್ತಿಡುತ್ತೇನೆ, ಪರೀಕ್ಷೆ ನಾಳೆಗೆ ಹಾಕಿ ಎಂದು ಕೇಳಿಕೊಂಡರು. ಅವರು ಇಷ್ಟು ತಗ್ಗಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಮೇಷ್ಟ್ರು ಆಗಲಿ ಎಂದರು. ನಾನು ಕೈ ಹಿಡಿದು ಅವರನ್ನು ಜೀಪಿಗೆ ಹತ್ತಿಸಿ ಪಕ್ಕದಲ್ಲಿ ನಿಂತೆ.

ಕೂತವರು ಹಾಗೇ ತಡೆದರು. ಜೀಪಿನ ಕನ್ನಡಿ ಆಕಾಶ ನೋಡುತ್ತಿರಲಿಲ್ಲ. ಯಾರೋ ಅದನ್ನು ಇಳಿಸಿ, ಒರೆಸಿ, ಕೂತವರ ಕಣ್ಣಿಗೆ ನೇರ ಮಾಡಿದ್ದರು. ಕೆಳಗೆ ಒದ್ದೆ ಮಣ್ಣಿನಲ್ಲಿ ಒಂದು ಎಡಗಾಲಿನ ಚಪ್ಪಲಿಯ ಗುರುತು, ಅದರ ಪಕ್ಕಕ್ಕೆ ದುಂಡನೆಯ ಗುಳಿಗಳು, ಊರುಗೋಲು ಊರಿದ್ದು. ನಾನು ಅದನ್ನು ನೋಡುತ್ತಿದ್ದಂತೆಯೇ ಹಾರನ್ ಆಯಿತು. ಚಂಪಕ್ಕನ ಕೈ ಇನ್ನೂ ಮಡಿಲಲ್ಲೇ ಇತ್ತು. ಅವರ ಎದುರಿನ ಸ್ಟಿಯರಿಂಗಿನಿಂದಲೇ, ಮೊದಲು ಅಂಜುತ್ತಾ ಸಣ್ಣಗೆ, ಆಮೇಲೆ ಉದ್ದಕ್ಕೆ. ನಲವತ್ತು ದಿನದಲ್ಲಿ ತಾವು ಒತ್ತದ ಹಾರನ್ನನ್ನು ಆ ಜೀಪಿನಲ್ಲಿ ಅವರು ಕೇಳಿದ್ದು ಅದೇ ಮೊದಲು.

ಚಂಪಕ್ಕ ಕತ್ತು ತಿರುಗಿಸಲಿಲ್ಲ. ಕನ್ನಡಿ ನೋಡಿದರು.

ಹಾರನ್ ನಿನ್ನೆಯದು, ಆದರೆ ಕನ್ನಡಿ ಖಾಲಿ ಇರಲಿಲ್ಲ. ಹಿಂದಿನ ಮನೆಯ ಗೇಟು ತೆರೆದಿತ್ತು. ಸುಗುಣ ಎರಡು ಊರುಗೋಲಿನ ಮೇಲೆ ಒಂದೊಂದೇ ಹೆಜ್ಜೆ ಹಾಕುತ್ತಾ ಜೀಪಿನ ಕಡೆಗೇ ಬರುತ್ತಿದ್ದಳು, ಹಲ್ಲಿನಲ್ಲಿ ಒಂದು ಚೀಟಿ ಕಚ್ಚಿಕೊಂಡಿದ್ದಳು. ನಲವತ್ತು ದಿನ ಆ ಕಿಟಕಿಯಿಂದ ಅವಳು ಎಲ್ಲವನ್ನೂ ನೋಡಿದ್ದಳು. ನಿನ್ನೆ ಏಳೂ ಕಾಲಾದರೂ ಜೀಪು ಖಾಲಿ ಇದ್ದದ್ದನ್ನೂ ನೋಡಿದ್ದಳು.

ಚಂಪಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಆಮೇಲೆ ಪಾಠದಲ್ಲಿ ಬರೆದ ಹಾಗೆಯೇ ಮಾಡಿದರು. ಡ್ರೈವರ್ ಸೀಟಿನಿಂದ ಎಡಗಡೆಯ ಸೀಟಿಗೆ ಸರಿದು ದಾರಿ ಬಿಟ್ಟರು.

ಸುಗುಣ ಊರುಗೋಲನ್ನು ನನ್ನ ಕೈಗೆ ಕೊಟ್ಟು ಹತ್ತಿ ಕೂತಳು. ಬಾಯಿಂದ ಚೀಟಿ ತೆಗೆದು ಚಂಪಕ್ಕನ ತೊಡೆಯ ಮೇಲಿಟ್ಟಳು. ನಿನ್ನೆ ಹಾರನ್ ಒತ್ತಿದ ಎಂಟು ನಿಮಿಷಗಳನ್ನು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಬರೆದಿತ್ತು.

"ಇನ್ನೂ ಏಳಿದೆ ಮಿಸ್" ಎಂದಳು. "ಮುಂದಿನದು ಏಳೂ ಇಪ್ಪತ್ತಮೂರಕ್ಕೆ. ಹಂಸಂಗೆ ಹೊರಡೋಕೆ ಹೇಳಿ."

ಚಂಪಕ್ಕ ಆ ಚೀಟಿಯ ಮೇಲೆ ಕೈ ಇಟ್ಟುಕೊಂಡು ಹುಡುಗಿಯ ಮುಖ ನೋಡುತ್ತಲೇ ಇದ್ದರು. ಗಡಿಯಾರದಲ್ಲಿ ಇಪ್ಪತ್ತೆರಡಾಗಿತ್ತು. ನನಗೋ ಕಣ್ಣು ಮಂಜಾಗಿ ಮುಳ್ಳು ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಊರುಗೋಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹಂಸನ ಕಡೆಗೆ ಕೆಂಪು ಟವೆಲ್ ಎತ್ತಿದೆ.